ನಾನು ಬಿಚ್ಚಿದ ಕೆಂಪು ಚೀಟಿ

ಆ ಹೆಣ್ಣುಮಗಳನ್ನು ನಾನು ಮೊದಲ ದಿನದಿಂದಲೇ ಸಹಿಸಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಕಂಪ್ಯೂಟರಿನ ಮಾತು ಬರುತ್ತದೆ, ಪಾಳಿಯ ಮಾತು ಬರುತ್ತದೆ, ಗುಂಡಿ ಒತ್ತಿದ ಮಾತು ಬರುತ್ತದೆ. ಓದುವವರು ಇದು ಹೊಸ ಯಂತ್ರ ತಿಳಿಯದ ಮುದುಕನೊಬ್ಬನ ಕೈತಪ್ಪು ಎಂದುಕೊಂಡು ನನ್ನನ್ನು ಮಾಫಿ ಮಾಡಿಬಿಟ್ಟಾರು. ಅದು ಬೇಡ. ಕೈ ತಪ್ಪಲಿಲ್ಲ. ನಾನು ಹೇಳಿದ್ದನ್ನೇ ಅದು ಮಾಡಿತು. ಅವಳ ಕೆಲಸ ಹೋಯಿತು, ಅವಳಿಗೆ ಕಳ್ಳಿ ಎಂಬ ಹೆಸರು ಬಂತು. ಎರಡೂ ನನ್ನಿಂದ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಮಾನ್ವಿ ರಸ್ತೆಯಲ್ಲಿ ಭತ್ತದ ಹೊಟ್ಟು ಸುಟ್ಟು ಕರೆಂಟು ಮಾಡುವ ಒಂದು ಖಾಸಗಿ ಕಾರ್ಖಾನೆ ಇತ್ತು, ಈಗ ಇಲ್ಲ. ಅದರ ಕಂಟ್ರೋಲ್ ರೂಮಿನಲ್ಲಿ ನನ್ನ ಆಯುಷ್ಯ ಕಳೆಯಿತು. ಗಂಟೆಗೊಮ್ಮೆ ಮುಳ್ಳು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು, ದೀಪ ಹತ್ತಿದರೆ ಫೋನು ಮಾಡುವುದು, ಹೇಳಿದ ಸ್ವಿಚ್ಚು ಎಳೆಯುವುದು. ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾವುದಾದರೂ ಯಂತ್ರದ ಒಳಗೆ ಜನ ಇಳಿದಿದ್ದರೆ ಅದರ ಸ್ವಿಚ್ಚಿಗೆ ಕೆಂಪು ರಟ್ಟಿನ ಚೀಟಿಯನ್ನು ದಾರದಿಂದ ಕಟ್ಟುತ್ತಿದ್ದರು. ‘ಮುಟ್ಟಬೇಡಿ, ಜನ ಕೆಲಸ ಮಾಡುತ್ತಿದ್ದಾರೆ’ ಎಂದು ಅದರ ಮೇಲೆ. ಕಟ್ಟಿದವನೇ ಬಿಚ್ಚಬೇಕು. ಮಾಲೀಕ ಬಂದು ಹೇಳಿದರೂ ಇನ್ನೊಬ್ಬ ಮುಟ್ಟುವಂತಿಲ್ಲ. ಕುರ್ಚಿ ಬಿಟ್ಟೇಳದೆ ರಿಜಿಸ್ಟರಿನಲ್ಲಿ ಅಂದಾಜಿನ ಅಂಕಿ ತುಂಬಿದ್ದೇನೆ, ಪಾಳಿ ಬಿಟ್ಟ ವೇಳೆಯನ್ನು ಹಿಂದೆ ಮುಂದೆ ಬರೆದಿದ್ದೇನೆ. ಚೀಟಿ ಮಾತ್ರ ಬಿಚ್ಚಿದವನಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಮಗಳ ಅಂಗಡಿಯಲ್ಲಿ ಕೂತೆ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಮಹಡಿಯ ಮೇಲೆ ಅವಳ ಕಂಪ್ಯೂಟರ್ ಅಂಗಡಿ. ಅವಳ ವ್ಯಾಪಾರ ನನಗೆ ತಿಳಿಯಲು ಒಂದು ತಿಂಗಳು ಹಿಡಿಯಿತು. ಎಲ್ಲೋ ದೂರದ ಊರಿನಲ್ಲಿ ದೊಡ್ಡ ದೊಡ್ಡ ಕಂಪ್ಯೂಟರುಗಳು ಇರುತ್ತವೆ. ಅದರಲ್ಲಿ ಒಂದೊಂದು ಪಾಲು ಬಾಡಿಗೆ ಹಿಡಿಯಬಹುದು. ಆ ಪಾಲಿಗೆ ಇನ್‌ಸ್ಟನ್ಸ್ ಅನ್ನುತ್ತಾರೆ. ನನ್ನ ಮಗಳು ಅಂಥ ಮೂರು ಹಿಡಿದಿದ್ದಳು: ರಾಯಚೂರಿನ ಆಟಗಾರರಿಗೆ ಒಂದು, ದೇವದುರ್ಗದವರಿಗೆ ಒಂದು, ಮಾನ್ವಿಯವರಿಗೆ ಒಂದು. ಆಟ ಎಂದರೆ ಚೌಕ ಚೌಕ ಕಲ್ಲು, ಮಣ್ಣು, ಕಟ್ಟಿಗೆ ಇಟ್ಟು ಊರು ಕಟ್ಟುವ ಆಟ. ಆಡುವವರು ತಮ್ಮ ತಮ್ಮ ಮನೆಯಲ್ಲೇ ಕೂತಿರುತ್ತಾರೆ, ಕಟ್ಟಿದ ಊರು ಮಾತ್ರ ಆ ಬಾಡಿಗೆಯ ಪಾಲಿನಲ್ಲಿ ಇರುತ್ತದೆ. ಮೂರನ್ನೂ ಒಂದೇ ಪರದೆಯ ಮೇಲೆ ನೋಡಬಹುದು. ಯಾವುದು ನಡೆದಿದೆ, ಯಾವುದಕ್ಕೆ ಭಾರ ಹೆಚ್ಚಾಗಿದೆ ಎಂದು ಹಸಿರು ಹಳದಿ ಗೆರೆ. ಪಕ್ಕದಲ್ಲಿ ಚಾಲೂ, ಬಂದ್, ನಕಲು ಎಂಬ ಗುಂಡಿಗಳು. ನಕಲು ಎಂದರೆ ಊರು ಹಾಳಾದರೆ ತಿರುಗಿ ತರಲು ಬೇರೆ ಕಡೆ ಇಡುವ ಪ್ರತಿ. ನೋಡಿದ ಕೂಡಲೇ ಇದು ನನ್ನ ಹಳೆಯ ಕಂಟ್ರೋಲ್ ರೂಮೇ ಅನ್ನಿಸಿತು. ಅಲ್ಲಿಂದಲೇ ನನಗೆ ಸೊಕ್ಕು ಏರಿತು.

ಆ ಪರದೆಯ ಒಡೆತನ ಮಾತ್ರ ನನ್ನದಾಗಿರಲಿಲ್ಲ, ಮೊದಲೇ ಹೇಳಿದ ಆ ಹೆಣ್ಣುಮಗಳದಾಗಿತ್ತು. ಡಿಪ್ಲೊಮಾ ಓದಿದವಳು, ಮೂವತ್ತೈದರ ಆಸುಪಾಸು, ಯಾಪಲದಿನ್ನಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಸರ್ವರುಗಳನ್ನು ಹೊಂದಿಸಿದ್ದೆಲ್ಲ ಅವಳೇ. ಅವಳ ಅಪ್ಪ ಯಾರೆಂಬುದು ನನಗೆ ಮೊದಲ ದಿನವೇ ತಿಳಿಯಿತು. ನಮ್ಮ ಕಾರ್ಖಾನೆಯಲ್ಲಿ ಬಾಯ್ಲರಿನ ಬೂದಿ ಹೊರುತ್ತಿದ್ದ ಕೂಲಿಯವನು. ಅವನು ಏನಾದರೂ ಹೇಳಲು ಬಂದರೆ ಕಂಟ್ರೋಲ್ ರೂಮಿನ ಬಾಗಿಲ ಹೊರಗೇ ನಿಲ್ಲಿಸಿ ಕೇಳುತ್ತಿದ್ದೆ. ಬೂದಿ ಒಳಗೆ ಬೀಳುತ್ತದೆ ಎಂಬುದು ನೆಪ. ಬೂದಿ ಹೊರುವವರಲ್ಲಿ ನಮ್ಮ ಜಾತಿಯ ಒಬ್ಬನಿದ್ದ, ಅವನು ಒಳಗೆ ಬಂದು ಫ್ಯಾನಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ. ಆಗ ಬೂದಿ ನನಗೆ ಕಾಣಿಸುತ್ತಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದವನು ನಾನು, ಬೂದಿಗೆ ಅಂಜುತ್ತಿದ್ದೆ ಎಂದರೆ ಯಾರು ನಂಬಬೇಕು!

ಮೊದಲ ದಿನವೇ ಅವಳು ಹೇಳಿದಳು:

“ಯಜಮಾನ್ರ, ನೀವು ನೋಡ್ರಿ, ಬರೀರಿ, ಶನಿವಾರಕ್ಕೊಮ್ಮೆ ಮೂರರದೂ ನಕಲು ತೆಗೀರಿ. ಬಂದ್ ಮಾಡೋದು ಮಾತ್ರ ನನಗ ಕೇಳದ ಮಾಡಬ್ಯಾಡ್ರಿ.”

“ನೀ ಹುಟ್ಟೋಕಿಂತ ಮೊದಲ ನಾ ಬಾಯ್ಲರ್ ಬಂದ್ ಮಾಡೀನಿ, ಚಾಲೂ ಮಾಡೀನಿ, ಮೇಡಂ,” ಅಂದೆ. ಮೇಡಂ ಎಂಬುದನ್ನು ಉಗುಳುವಂತೆ ಅಂದೆ.

“ಇದು ಬಾಯ್ಲರ್ ಅಲ್ರಿ. ಬಾಯ್ಲರ್ ಆರಿದ್ರ ಬೂದಿಯಾದ್ರೂ ಉಳೀತದ. ದೇವದುರ್ಗದ್ದು ಆರಿದ್ರ ಬೂದಿನೂ ಉಳಿಯಂಗಿಲ್ಲ. ಅದು ಸಸ್ತಾ ನಮೂನಿದು. ನಡೀತಿರೋ ತನಕ ಅಷ್ಟ ಅದರ ನೆನಪು.”

ಸರಿಯಾಗಿಯೇ ಹೇಳಿದ್ದಳು. ನನಗೆ ಬೂದಿ ಎಂಬ ಒಂದೇ ಮಾತು ಕೇಳಿಸಿತು. ಇವಳು ಬೇಕೆಂದೇ ಅಪ್ಪನ ಬೂದಿಯನ್ನು ನನ್ನ ಮುಖಕ್ಕೆ ತೂರಿದಳು ಎಂದುಕೊಂಡೆ.

ಅಂಗಡಿಯಲ್ಲಿ ಎಲ್ಲರಿಗೂ ಆರು ಗಾಜಿನ ಲೋಟ. ನಾನು ಮನೆಯಿಂದ ಒಂದು ಸ್ಟೀಲಿನ ಲೋಟ ತಂದು ನನ್ನ ಮೇಜಿನ ಮೇಲೆ ಇಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ. ಒಂದು ವಾರ ಕಳೆದ ಮೇಲೆ ಬಂದು ನೋಡಿದರೆ ಅದರಲ್ಲಿ ನಾಲ್ಕು ಪೆನ್ನು, ಒಂದು ಸ್ಕ್ರೂಡ್ರೈವರ್ ನಿಂತಿದ್ದವು.

“ಯಾರು ಮಾಡಿದ್ದು ಇದು?”

“ನಾನ ರೀ,” ಅಂದಳು, ಪರದೆಯಿಂದ ಕಣ್ಣು ತೆಗೆಯದೆ. “ಎಲ್ಲಾರೂ ಒಂದ ನಮೂನಿ ಗ್ಲಾಸಿನ್ಯಾಗ ಕುಡಿಯೋ ಅಂಗಡಿ ಇದು. ಇದೊಂದು ಬ್ಯಾರೆ ಇತ್ತು. ಪೆನ್ನಿಂದು ಇರಬೇಕು ಅಂದ್ಕೊಂಡೆ.”

ನನ್ನ ಮಗಳು ನಕ್ಕಳು. ಅವತ್ತಿನಿಂದ ನಾನು ಆ ಹೆಣ್ಣುಮಗಳ ಹಗೆ.

ಅವಳನ್ನು ನೇರವಾಗಿ ಏನೂ ಮಾಡುವಂತಿರಲಿಲ್ಲ. ಅವಳು ಮೆಚ್ಚಿದ್ದನ್ನು ನಾನು ಹಳಿಯತೊಡಗಿದೆ. ಅವಳಿಗೆ ದೇವದುರ್ಗದವರೆಂದರೆ ಪ್ರೀತಿ. ಹದಿನಾಲ್ಕು ತಿಂಗಳಿಂದ ಆ ಜನ ತಮ್ಮ ಊರನ್ನೇ ಆಟದೊಳಗೆ ಕಟ್ಟುತ್ತಿದ್ದರು. ಕೋಟೆ, ಬಸ್ ನಿಲ್ದಾಣ, ಸಂತೆಯ ಬಯಲು, ತಮ್ಮ ತಮ್ಮ ಓಣಿ. ಒಬ್ಬ ಬಸ್ ಕಂಡಕ್ಟರ್, ಒಬ್ಬ ನರ್ಸಮ್ಮ, ಒಬ್ಬ ದರ್ಜಿ, ಹೀಗೆ ನಲವತ್ತು ಜನ. ಅವರ ಮುಂದಾಳು ಒಬ್ಬ ಗಣಿತದ ಮಾಸ್ತರ. ಬಾಯಿ ಬಲು ಜೋರು. ಮಾನ್ವಿಯವರ ಮುಂದಾಳು ಅಕ್ಕಿ ಗಿರಣಿಯೊಂದರ ಗುಮಾಸ್ತ, ಅವನೂ ಕಡಿಮೆಯಿಲ್ಲ. ಆಡುವಾಗ ಎಲ್ಲರೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮಾತಾಡುವ ಒಂದು ಕೋಣೆ ಇದೆ, ಕಣ್ಣಿಗೆ ಕಾಣದ ಕೋಣೆ. ನಾನು ಅದನ್ನು ಸದಾ ತೆರೆದಿಟ್ಟುಕೊಂಡು ಕೂಡುತ್ತಿದ್ದೆ. ಅದರಲ್ಲಿ ಬೈಗುಳವೇ ಹೆಚ್ಚು.

“ಏನ್ ಮಾಸ್ತರ್ರ, ನಿಮ್ಮ ಕ್ವಾಟಿ ಗ್ವಾಡಿ ಇನ್ನಾ ಏಳವಲ್ದು? ಸುಣ್ಣ ಸಾಲಲಿಲ್ಲೇನು?”

“ನಿಮ್ಮ ಮಾನ್ವಿಯೊಳಗ ನಾಕು ಗೋದಾಮು ಬಿಟ್ರ ಏನ್ ಕಟ್ಟೀರಿ ಲೇ? ಹೊಟ್ಟು ತುಂಬ್ರಿ ಹೋಗ್ರಿ.”

ನಾನು ನಡುವೆ ಬಾಯಿ ಹಾಕಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ಎತ್ತಿಕಟ್ಟುತ್ತಿದ್ದೆ. ಮಾಸ್ತರನಿಗೆ ಅದು ತಿಳಿಯಿತು. “ತಾತಾ, ನೀವು ಸುಮ್ನ ಗೆರಿ ನೋಡ್ಕೋತ ಕುಂಡ್ರ್ರಿ,” ಎಂದು ಎಲ್ಲರ ಎದುರಿಗೆ ಅಂದ. ಆ ಶನಿವಾರ ನಾನು ರಾಯಚೂರಿನದಕ್ಕೆ ನಕಲು ತೆಗೆದೆ, ಮಾನ್ವಿಯದಕ್ಕೆ ತೆಗೆದೆ, ದೇವದುರ್ಗದ್ದನ್ನು ಬಿಟ್ಟೆ. ರಿಜಿಸ್ಟರಿನಲ್ಲಿ ಮಾತ್ರ ಮೂರೂ ಆಯಿತೆಂದು ಬರೆದೆ. ಹಳೆಯ ಚಟ. ಮುಂದಿನ ಶನಿವಾರವೂ ಹಾಗೆಯೇ. ನಕಲು ಇಡಲು ಜಾಗ ಕಡಿಮೆಯಿತ್ತು, ಹಳೆಯವು ತಾವಾಗಿ ಅಳಿಯುತ್ತಿದ್ದವು. ಮೂರು ತಿಂಗಳಾಗುವ ಹೊತ್ತಿಗೆ ದೇವದುರ್ಗದ ಒಂದು ನಕಲೂ ಉಳಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಧ್ಯಾಹ್ನ ಊಟ ಮಾಡಿ ಮಲಗುತ್ತಿದ್ದೆ.

ಅವಳು ಮಗಳಿಗೆ ಹೇಳಿ ಹೇಳಿ ಕೊನೆಗೆ ದೇವದುರ್ಗವನ್ನು ಗಟ್ಟಿ ನಮೂನೆಯ ಜಾಗಕ್ಕೆ ಸಾಗಿಸಲು ಒಪ್ಪಿಸಿದಳು. ಸೋಮವಾರ ಸಾಗಿಸುವುದೆಂದು ಗೊತ್ತಾಯಿತು. ಶನಿವಾರ ಹೋಗುವ ಮುಂಚೆ ಪರದೆಯ ಮೇಲೆ ದೇವದುರ್ಗದ ಸಾಲಿಗೆ ಒಂದು ಕೆಂಪು ಪಟ್ಟಿ ಹಚ್ಚಿದಳು. ಆ ಪಟ್ಟಿ ಇರುವವರೆಗೆ ಬಂದ್ ಗುಂಡಿ ಕೆಲಸ ಮಾಡುವುದಿಲ್ಲ, ಪಟ್ಟಿಯನ್ನು ಮೊದಲು ತೆಗೆಯಬೇಕು. ಅದರ ಮೇಲೆ ಕನ್ನಡದಲ್ಲಿ ಬರೆದಿದ್ದಳು: ‘ಮುಟ್ಟಬೇಡಿ, ಜನ ಕೆಲಸ ಮಾಡುತ್ತಿದ್ದಾರೆ.’

ನಮ್ಮ ಕಾರ್ಖಾನೆಯ ಮಾತು, ಅಕ್ಷರಕ್ಕೆ ಅಕ್ಷರ. ಅಪ್ಪನಿಂದ ಕಲಿತಿರಬೇಕು. ನನ್ನನ್ನು ಅಣಕಿಸಲು ಬರೆದಳು ಎಂದುಕೊಂಡೆ.

ಭಾನುವಾರ ಮಾನ್ವಿಯವರೆಲ್ಲ ದೇವದುರ್ಗವನ್ನು ನೋಡಲು ಬರುವುದಿತ್ತು. ಹದಿನಾಲ್ಕು ತಿಂಗಳ ಬೈದಾಟಕ್ಕೆ ಅಂದು ತೀರ್ಮಾನ. ಮಾನ್ವಿಯವರು ಊರೆಲ್ಲ ಸುತ್ತಿ, ‘ಹೌದಪ್ಪಾ, ನೀವು ಕಟ್ಟಿದ್ರಿ’ ಎಂದು ಒಪ್ಪಬೇಕು. ಎರಡು ಗಂಟೆಯವರೆಗೆ ನನ್ನ ಪಾಳಿ, ಆಮೇಲೆ ಅವಳದು. ಮಂದಿ ಹೆಚ್ಚಾಗಿ ಗೆರೆ ಹಳದಿಯಾಗಿತ್ತು, ಆಟ ತೆವಳುತ್ತಿತ್ತು. ಒಂದೂವರೆ ದಾಟಿದ ಮೇಲೆ ಮಾಸ್ತರ ಆ ಕೋಣೆಯಲ್ಲೇ ಕೂಗಿದ:

“ತಾತಾ, ಮೇಡಂ ಬಂದಾರೇನು?”

“ಎರಡಕ್ಕ ಬರ್ತಾಳ. ಏನ್ ಆಗಬೇಕು ಹೇಳು, ನಾ ಅದೀನಿ.”

“ನೀವಿದ್ದು ಏನ್ ಉಪಯೋಗ? ನಿಮ್ಮ ಜಾಗದಾಗ ಒಂದು ಗಂಟಿ ಕಟ್ಟಿದ್ರ ಅದು ಪಗಾರ ಕೇಳಂಗಿಲ್ಲ.”

ಗುಮಾಸ್ತ ನಡುವೆ ಬಂದ. “ಬೈಬ್ಯಾಡ್ರಿ ಮಾಸ್ತರ್ರ! ತಾತ ಜರಾ ಹೊಟ್ಟು ಹಾಕಿದ್ರ ಸರ್ವರ್ ಧಗಧಗ ಉರೀತದ!”

ಎಂಬತ್ತು ಜನ ನಕ್ಕರು. ದೇವದುರ್ಗ, ಮಾನ್ವಿ ಮೊದಲ ಸಲ ಒಂದಾಗಿದ್ದವು, ನನ್ನ ಮೇಲೆ.

ಆಗ ನನ್ನ ಲೆಕ್ಕ ಸುಲಭವಿತ್ತು. ಬಾಯ್ಲರ್ ಬಂದ್ ಮಾಡಿದರೆ ತಣ್ಣಗಾಗುತ್ತದೆ, ಇದ್ದಲ್ಲೇ ಇರುತ್ತದೆ, ಮತ್ತೆ ಬೆಂಕಿ ಕೊಟ್ಟರೆ ಏಳುತ್ತದೆ. ಹತ್ತು ನಿಮಿಷ ಆರಿಸುತ್ತೇನೆ, ಮಾಸ್ತರ ‘ತಾತಾ, ತಾತಾ’ ಎಂದು ಗೋಗರೆಯಲಿ, ಆಮೇಲೆ ಚಾಲೂ ಮಾಡುತ್ತೇನೆ. ಎರಡಕ್ಕೆ ಅವಳು ಬಂದಾಗ ಅವಳ ಮೆಚ್ಚಿನ ಜನ ಅವಳನ್ನು ಬೈಯುತ್ತಿರಲಿ. ಕೆಂಪು ಪಟ್ಟಿಯ ಮೇಲೆ ಒತ್ತಿದೆ. ತೆಗೆಯಲೇ ಎಂದು ಯಂತ್ರ ಕೇಳಿತು. ಆ ಒಂದು ಕ್ಷಣ ನನ್ನ ಕೈ ನಿಂತಿತ್ತು, ಅದನ್ನೂ ಹೇಳಬೇಕು. ಬೆರಳಿಗೆ ದಾರದ ಗಂಟು ಸಿಕ್ಕಂತಾಯಿತು. ಆದರೂ ಹೌದು ಎಂದೆ. ಆಮೇಲೆ ಬಂದ್ ಒತ್ತಿದೆ. ಒಂದು ಗಂಟೆ ನಲವತ್ತೆರಡು ನಿಮಿಷ.

ನಗೆ ಕತ್ತರಿಸಿದಂತೆ ನಿಂತಿತು. ಆಮೇಲೆ ಗದ್ದಲ. “ಏನಾತು?” “ನನ್ನದೂ ಹೋತು!” “ತಾತಾ, ನೋಡ್ರಿ ಜರಾ! ತಾತಾ!” ಹಾಗೆ ಸುಮ್ಮನೆ ಕೂತು ಕೇಳಿದ ಸುಖವನ್ನು ನಾನು ಮರೆತಿಲ್ಲ. ನಾಲ್ಕೈದು ನಿಮಿಷ ಅವರನ್ನು ಕಾಯಿಸಿ ಚಾಲೂ ಒತ್ತಿದೆ. ಹಸಿರು ಗೆರೆ ಬಂತು. ಮಾಸ್ತರ ಎಲ್ಲರಿಗಿಂತ ಮೊದಲು ಒಳಗೆ ಹೋದ.

“ಊರೆಲ್ಲಿ ಅದ?” ಅಂದ.

ಪರದೆಯಲ್ಲಿ ನಾನೂ ನೋಡಿದೆ. ಹುಲ್ಲಿನ ಬಯಲು. ಒಂದು ಸಣ್ಣ ಗುಡ್ಡ, ಎರಡು ಗಿಡ, ಒಂದು ಚೌಕದ ಹಂದಿ ಮೇಯುತ್ತಿತ್ತು. ಕೋಟೆಯಿಲ್ಲ, ಬಸ್ ನಿಲ್ದಾಣವಿಲ್ಲ. ದರ್ಜಿ ತನ್ನ ಓಣಿಯಲ್ಲಿ ಹದಿನೇಳು ಮನೆ, ಒಂದು ಬೇವಿನ ಕಟ್ಟೆ ಮಾಡಿದ್ದ. ಅದೂ ಇಲ್ಲ. “ನಮ್ಮ ಮನಿ ಎಲ್ಲಿ ಹೋತ್ರಿ?” ಎಂದು ನರ್ಸಮ್ಮ ಕೇಳುತ್ತಲೇ ಇದ್ದಳು. ಬೂದಿಯೂ ಉಳಿಯುವುದಿಲ್ಲ ಎಂದು ಆ ಹೆಣ್ಣುಮಗಳು ಮೊದಲ ದಿನ ಅಂದಿದ್ದಳಲ್ಲ, ಆ ಮಾತು ಆಗ ನನಗೆ ಕೇಳಿಸಿತು.

ಆಗಲೂ ಒಂದು ಸರಿದಾರಿ ಇತ್ತು. ನಾನು ಮಾಡಿದೆ ಎಂದು ಅಲ್ಲೇ ಹೇಳಬಹುದಿತ್ತು. ನಾನು ರಿಜಿಸ್ಟರು ಎಳೆದುಕೊಂಡು ‘1:40ಕ್ಕೆ ಪಾಳಿ ಒಪ್ಪಿಸಿದೆ’ ಎಂದು ಬರೆದು, ಹಿಂದಿನ ಮೆಟ್ಟಿಲಿಂದ ಇಳಿದು ಹೋದೆ.

ಸಂಜೆ ಅಂಗಡಿಯಲ್ಲಿ ಪಂಚಾಯಿತಿ. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸುತ್ತಿದ್ದುದರಿಂದ ಗುಂಡಿ ಒತ್ತಿದ ವೇಳೆ ಮಾತ್ರ ಯಂತ್ರದಲ್ಲಿತ್ತು, ಒತ್ತಿದವರ ಗುರುತು ಇರಲಿಲ್ಲ. ರಿಜಿಸ್ಟರಿನ ಪ್ರಕಾರ ಆ ವೇಳೆಗೆ ಪಾಳಿ ಅವಳದು. ಕೋಣೆಯಲ್ಲಿ ನನ್ನ ದನಿ ಕೇಳಿಸಿದ್ದು ಬಂದ್ ಆಗುವ ಮುಂಚೆ, ಆ ಮಾತು ಮುಗಿಯುತ್ತಲೇ ಅವಳು ಬಂದಳು, ನಾನು ಎದ್ದು ಹೋದೆ ಎಂದೆ. ಶನಿವಾರದ ನಕಲುಗಳೆಲ್ಲ ಆಗಿವೆ ಎಂದು ಬರೆದಿದೆ, ಯಂತ್ರದಲ್ಲಿ ದೇವದುರ್ಗದ್ದು ಒಂದೂ ಇಲ್ಲ. ಅಳಿಸಲು ಬರುವುದು ಅವಳಿಗೊಬ್ಬಳಿಗೇ.

“ನಾ ಬಂದಾಗ ಎರಡಕ್ಕ ಐದು ಕಮ್ಮಿ ಇತ್ತು,” ಅಂದಳು. “ಖುರ್ಚಿ ಖಾಲಿ ಇತ್ತು. ಊರು ಆಗಲೇ ಹೋಗಿತ್ತು.”

ಮಗಳು ನನ್ನ ಕಡೆ ತಿರುಗಿದಳು. “ಯಪ್ಪಾ, ಖರೇ ಹೇಳು. ನೀ ಮುಟ್ಟಿಯೇನು?”

“ಕೆಂಪು ಚೀಟಿ ಹಚ್ಚಿದ್ದು ನಾ ಮುಟ್ತೀನೇನವ್ವಾ? ಕಂಟ್ರೋಲ್ ರೂಮಿನವ ನಾ.”

ಆ ಹೆಣ್ಣುಮಗಳು ನನ್ನನ್ನೇ ನೋಡಿದಳು. “ಹೌದ್ರಿ. ಚೀಟಿ ಇದ್ರ ಇವರು ಮುಟ್ಟಂಗಿಲ್ಲ ಅಂತ ನಾನೂ ತಿಳ್ಕೊಂಡಿದ್ದೆ,” ಅಂದಳು. ಚೀಲ ಎತ್ತಿಕೊಂಡು ಹೊರಟಳು. ಹೋಗುವಾಗ ನನ್ನ ಲೋಟದಿಂದ ತನ್ನ ಒಂದು ಪೆನ್ನು ತೆಗೆದುಕೊಂಡಳು.

ಮಾನ್ವಿಯವರ ಮಾತು ಕೇಳಿ ಅವಳೇ ಅಳಿಸಿದಳು, ತಮ್ಮ ಊರನ್ನೇ ಕದ್ದಳು ಎಂದು ದೇವದುರ್ಗದವರು ಸಾರಿದರು. ಕಳ್ಳಿ ಎಂಬ ಮಾತನ್ನು ಮೊದಲು ಹುಟ್ಟಿಸಿದವನು ಮಾಸ್ತರ. ರಾಯಚೂರಿನಲ್ಲಿ ಇಂಥ ಕೆಲಸದ ಅಂಗಡಿಗಳು ಇರುವುದೇ ನಾಲ್ಕೈದು. ಎಲ್ಲರಿಗೂ ಸುದ್ದಿ ಮುಟ್ಟಿತು. ಯಾರೂ ಅವಳನ್ನು ಇಟ್ಟುಕೊಳ್ಳಲಿಲ್ಲ. ಮೂರು ತಿಂಗಳು ನಾನು ಅವಳ ಕುರ್ಚಿಯಲ್ಲಿ ಕೂತೆ.

ನನ್ನನ್ನು ಎಬ್ಬಿಸಿದ್ದು ಪಾಪಪ್ರಜ್ಞೆಯಲ್ಲ, ಮಾಸ್ತರ. ಒಂದು ದಿನ ಅವನೇ ಅಂಗಡಿಗೆ ಬಂದ. ನಾನು ಅವನ ಮುಖ ನೋಡಿದ್ದು ಅದೇ ಮೊದಲು. ತೆಳ್ಳಗಿನ ಮನುಷ್ಯ, ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ. ಬಗ್ಗಿ ನನ್ನ ಕಾಲು ಮುಟ್ಟಿದ.

“ತಾತಾ, ಅವತ್ತು ಎಲ್ಲಾರ ಮುಂದ ನಿಮಗ ಹಗುರ ಮಾತಾಡಿದೆ. ಗಲತ್ ಆತು. ನಂಬಿಗಿ ಮನುಷ್ಯಾರಂದ್ರ ನೀವು. ಆಕಿ ಅಂಥಾಕಿ ಅಂತ ನಮಗ ತಿಳಿಲಿಲ್ಲ.”

ಅವನ ಕೈ ತಗುಲಿದ ಜಾಗ ಸುಟ್ಟಂತಾಯಿತು. ಮರುದಿನ ಯಾಪಲದಿನ್ನಿಯ ಬಸ್ಸು ಹತ್ತಿದೆ.

ಅವಳ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಒಂದು ಹಳೆಯ ಕಂಪ್ಯೂಟರು. ಅವಳು ಊರವರ ಅರ್ಜಿ ತುಂಬಿಕೊಡುತ್ತ ಕೂತಿದ್ದಳು. ಅವಳ ಅಪ್ಪ ಹೊರಸಿನ ಮೇಲೆ ಇದ್ದ. ಮುಪ್ಪಾಗಿದ್ದ, ನನ್ನಷ್ಟೇ. ನನ್ನನ್ನು ಕಂಡು ಎದ್ದು ನಿಂತ.

“ಕಂಟ್ರೋಲ್ ರೂಮಿನ ಸಾಹೇಬ್ರು! ಬರ್ರಿ ಬರ್ರಿ, ಒಳಗ ಬರ್ರಿ. ಯವ್ವಾ, ಚಾ ಇಡು.”

“ಚಾ ಬ್ಯಾಡ ಯಪ್ಪಾ,” ಅಂದಳು. “ಅವರು ತಮ್ಮ ಗ್ಲಾಸು ತಂದಿಲ್ಲ.”

ನಾನು ಹೊಸ್ತಿಲ ಹೊರಗೆ ನಿಂತೇ ಹೇಳಿದೆ. ನಕಲು ಬಿಟ್ಟದ್ದು, ಪಟ್ಟಿ ತೆಗೆದದ್ದು, ಬಂದ್ ಒತ್ತಿದ್ದು, ರಿಜಿಸ್ಟರು. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು:

“ಆ ಪಟ್ಟಿ ಯಾಕ ಕನ್ನಡದಾಗ ಬರದಿದ್ದೆ ಗೊತ್ತದೇನ್ರಿ? ಉಳಿದಿದ್ದೆಲ್ಲಾ ಇಂಗ್ಲೀಷಿನ್ಯಾಗ ಅದ. ಅದೊಂದು ನಿಮ್ಮ ಸಲುವಾಗಿ ಬರದಿದ್ದೆ. ನೀವು ಯಾರ ಮಾತೂ ಕೇಳಂಗಿಲ್ಲ, ಆ ಚೀಟಿ ಮಾತು ಕೇಳ್ತೀರಿ ಅಂತ ನಮ್ಮಪ್ಪ ಹೇಳಿದ್ದ.”

ಅವಳ ಅಪ್ಪ ಮತ್ತೆ ಹೊರಸಿನ ಮೇಲೆ ಕೂತ. “ನಾ ಬೂದಿ ಗುಂಡಿಯೊಳಗ ಇದ್ದಾಗ ನಿಮ್ಮ ಪಾಳಿ ಇತ್ತು, ಸಾಹೇಬ್ರ. ಪಾಳಿ ಬದಲಿ ಮಾಡಾಕ ಬಂದವ ಚೀಟಿ ಬಿಚ್ಚಿ ಮಿಷನ್ ಚಾಲೂ ಮಾಡಾಕ ಹೋದ್ರ ನೀವು ಕೈ ಹಿಡಿದ್ರಂತ. ಅದಕ್ಕ ನಾ ಉಳಿದೆ ಅಂತ ಈ ಹುಡುಗಿಗಿ ಸಣ್ಣಾಕಿ ಇದ್ದಾಗಿಂದ ಹೇಳ್ಕೋತ ಬಂದೀನಿ. ಇನ್ನ ನಾ ಏನ್ ಹೇಳಲಿ?”

ಆ ದಿನ ನನಗೆ ನೆನಪಿದೆ. ಕೈ ಹಿಡಿದದ್ದು ನಿಜ. ಒಳಗೆ ಯಾರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನಾನು ಕಾಪಾಡಿದ್ದು ಚೀಟಿಯನ್ನು, ಅವನನ್ನಲ್ಲ. ಇಷ್ಟೆಲ್ಲ ಹೇಳಿದವನು ಇದೊಂದನ್ನು ಅವನ ಮುಂದೆ ಹೇಳಲಾರದೆ ಹೋದೆ.

“ನನಗ ಹೇಳಿದ್ರ ನನಗೇನ್ ಆತು?” ಅಂದಳು ಅವಳು. “ನನಗ ಮೊದಲ ಗೊತ್ತಿತ್ತು. ಯಾರ ಮುಂದ ನನಗ ಕಳ್ಳಿ ಅಂದಾರ, ಅವರ ಮುಂದ ಹೇಳ್ರಿ. ನಾ ಕೇಳ್ತಿರ್ತೀನಿ.”

ಭಾನುವಾರ ಅದೇ ಕೋಣೆ. ದೇವದುರ್ಗ, ಮಾನ್ವಿ, ರಾಯಚೂರು, ಮೂರೂ ಊರಿನವರು. ನಾನು ಬರೆದುಕೊಂಡು ಓದಿದೆ, ಬಾಯಲ್ಲಿ ಹೇಳಿದರೆ ಎಲ್ಲಿ ಮೆತ್ತಗೆ ಮಾಡಿಬಿಡುತ್ತೇನೋ ಎಂದು. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳಿಗೂ ಆಗಲೇ ತಿಳಿದದ್ದು. ಓದಿ ಮುಗಿದ ಮೇಲೆ ಬಂದ ಬೈಗುಳಗಳನ್ನು ಇಲ್ಲಿ ಬರೆಯಲಾರೆ, ಬರೆಯುವಂಥವಲ್ಲ. “ಮುದಿ ನಾಯಿ” ಎಂಬುದೇ ಅದರಲ್ಲಿ ಮೆತ್ತಗಿನದು. ದರ್ಜಿ ಮಾತ್ರ ಬೈಯಲಿಲ್ಲ. “ನಮ್ಮವ್ವ ಕುಂಡ್ರೋ ಕಟ್ಟಿ ಅದು, ತಾತಾ,” ಎಂದು ಹೇಳಿ ಹೊರಗೆ ಹೋದ.

ಮಾಸ್ತರ, “ಮೇಡಂ, ನೀವು ಅದೀರೇನು? ಆಗಿದ್ದು ಆತು, ಮುಂದ...” ಎಂದು ಸುರು ಮಾಡಿದ.

“ಆಗಿದ್ದು ಆತು ಅಲ್ರಿ ಮಾಸ್ತರ್ರ,” ಅವಳ ದನಿ ಕೇಳಿತು. “ಕಳ್ಳಿ ಅಂತ ಇದ ಕೋಣಿಯೊಳಗ ಅಂದಿದ್ರಿ. ತಿರುಗಿ ತಗೊಳ್ಳೋದೂ ಇಲ್ಲೇ ಆಗಲಿ.”

ಮಾಸ್ತರ ತಿರುಗಿ ತಗೊಂಡ. ಗುಮಾಸ್ತನೂ ಅಂದು ಹಾಸ್ಯ ಮಾಡಲಿಲ್ಲ.

ಮಗಳು ಅವಳನ್ನು ಕರೆಯಲು ಯಾಪಲದಿನ್ನಿಗೆ ಹೋದಳು. ಬರಲೊಲ್ಲೆ ಎಂದಳಂತೆ. ದೇವದುರ್ಗದವರು ಈಗ ಅವಳ ಕಡೆಗೇ ಹೋಗಿದ್ದಾರೆ. ಅವಳ ಮನೆಯ ಪಡಸಾಲೆಯಿಂದಲೇ ಅವರ ಸರ್ವರು ನಡೆಯುತ್ತದೆ, ಗಟ್ಟಿ ನಮೂನೆಯದು, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡು. ಕೋಟೆಯನ್ನು ಮತ್ತೆ ಬುನಾದಿಯಿಂದ ಎಬ್ಬಿಸುತ್ತಿದ್ದಾರೆ. ಮಾನ್ವಿಯವರು ಕಲ್ಲು ಹೊರುತ್ತಿದ್ದಾರಂತೆ, ಬೈದುಕೊಳ್ಳುತ್ತಲೇ. ನನಗೆ ಆ ಊರಿನೊಳಗೆ ಪ್ರವೇಶವಿಲ್ಲ.

ಮಗಳು ನನ್ನನ್ನು ಪರದೆಯ ಮುಂದಿನಿಂದ ಎಬ್ಬಿಸಿದಳು. ಮಾತು ಕಡಿಮೆ ಮಾಡಿದ್ದಾಳೆ. ಎಬ್ಬಿಸುವ ಮೊದಲು ರಿಜಿಸ್ಟರನ್ನು ನನ್ನ ಮುಂದೆ ದೂಡಿದಳು. ಆ ಭಾನುವಾರದ ಹಾಳೆ ತೆಗೆದು, 1:40 ಎಂಬುದನ್ನು ಹೊಡೆದು, ‘1:42. ಕೆಂಪು ಚೀಟಿ ತೆಗೆದು ಬಂದ್ ಮಾಡಿದವನು ನಾನು’ ಎಂದು ಬರೆದು ಸಹಿ ಹಾಕಿದೆ. ಪೆನ್ನನ್ನು ಮತ್ತೆ ಸ್ಟೀಲಿನ ಲೋಟದಲ್ಲಿ ಇಟ್ಟೆ.